ದಂತವೈದ್ಯರ ಕುರ್ಚಿಯೂ ನಮ್ಮ ಧೈರ್ಯವೂ

ಕಳೆದ ಸಂಚಿಕೆಯು ವಾಚಕರ ಕೈ ಸೇರಿದ ಮೇಲೆ ನಮಗೆ ಬಂದ ಕಾಗದಗಳಲ್ಲಿ ಎರಡನ್ನು ಬೇರೆಯಾಗಿ ತೆಗೆದಿರಿಸಿಕೊಂಡಿದ್ದೆವು. ಒಂದು ತಿರುವನಂತಪುರದಿಂದ ಬಂದದ್ದು. ಬರೆದವರು ನಿವೃತ್ತರಾದ ಹಿರಿಯರು. ತಮ್ಮ ಕಾಲದಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸಿದವರು. ಅವರ ದವಡೆಹಲ್ಲೊಂದು ಎರಡು ವರ್ಷದಿಂದ ನೋಯುತ್ತಿದೆಯಂತೆ. ದಂತವೈದ್ಯರ ಬಾಗಿಲವರೆಗೆ ಮೂರು ಸಲ ಹೋಗಿ ಮೂರು ಸಲವೂ ಹಿಂದಿರುಗಿದ್ದಾರೆ. “ಮಗಳಿಗೆ ಹೇಳಲು ನಾಚಿಕೆ, ಅದಕ್ಕಾಗಿ ನಿಮಗೆ ಬರೆಯುತ್ತೇನೆ” ಎಂದಿದ್ದಾರೆ. ಇನ್ನೊಂದು ಕಾಗದ ಎರ್ನಾಕುಳದ ಗೃಹಿಣಿಯೊಬ್ಬರದು. ಅವರ ಆರು ವರ್ಷದ ಹುಡುಗನಿಗೆ ನಾಲ್ಕು ಹಲ್ಲು ಹುಳುಕಾಗಿವೆ. ಬಾಯಿ ತೆರೆಯೆಂದರೆ ಅವನು ಮನೆಯೇ ಹಾರಿಹೋಗುವಂತೆ ಕೂಗುತ್ತಾನೆ. ಮಂಪರು ಬರಿಸಿ ಕೆಲಸ ಮಾಡಬಹುದೆಂದು ವೈದ್ಯರು ಹೇಳಿದ್ದಾರೆ; ಒಪ್ಪಬಹುದೋ ಬಾರದೋ ಎಂದು ಆ ತಾಯಿ ಕೇಳುತ್ತಾರೆ.

ನಾವು ವೈದ್ಯರಲ್ಲ. ಆದರೆ ನಮ್ಮ ಸಂಘದವರೇ ಆದ ದಂತವೈದ್ಯೆಯೊಬ್ಬರು ಕೊಚ್ಚಿಯಲ್ಲಿದ್ದಾರೆ. ಕಾಸರಗೋಡಿನ ಕಡೆಯ ಹೆಣ್ಣುಮಗಳು. ಅವರನ್ನು ಎರಡು ಸಂಜೆ ಪೀಡಿಸಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಈ ವಿಷಯ ನಮ್ಮ ಮನೆಗೂ ಹೊಸದಲ್ಲ. ಹೊಸದಲ್ಲವೆಂಬುದು ಹೇಗೆಂದು ಮೊದಲು ಹೇಳಿಬಿಡುತ್ತೇವೆ.

ನಮ್ಮ ಅಕ್ಕನ ಯಜಮಾನರು ಪುತ್ತೂರಿನ ಕಡೆಯವರು. ಬ್ಯಾಂಕಿನ ಕೆಲಸದ ಮೇಲೆ ಕೊಚ್ಚಿಗೆ ವರ್ಗವಾಗಿ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ, ಕೆಳದವಡೆಯ ಹಲ್ಲೊಂದು ಕಾಡತೊಡಗಿತು. ಹತ್ತಿರದ ದಂತಾಲಯಕ್ಕೆ ಹೋದರು. ಕುರ್ಚಿಯಲ್ಲಿ ಕೂರಿಸಿ ನರ್ಸಮ್ಮ ಬಹಳ ಅಕ್ಕರೆಯಿಂದ “ಪೇಡಿಯುಂಡೋ?” ಎಂದು ಕೇಳಿದಳು. ಮಲೆಯಾಳದಲ್ಲಿ ‘ಪೇಡಿ’ ಎಂದರೆ ಹೆದರಿಕೆ, ಅಷ್ಟೆ. ಆದರೆ ಅವರ ‘ಪ’ಕಾರ ನಮ್ಮಲ್ಲಿ ‘ಹ’ಕಾರವಾಗುತ್ತದೆಂಬುದು ಇಲ್ಲಿಗೆ ಬಂದ ಮೊದಲ ವಾರದಲ್ಲೇ ನಾವೆಲ್ಲರೂ ಕಲಿಯುವ ಪಾಠ: ಪಾಲು ಹಾಲು, ಪುಲಿ ಹುಲಿ, ಪಲ್ಲು ಹಲ್ಲು. ಭಾವನವರ ಕಿವಿಗೆ ಬಿದ್ದದ್ದು ‘ಹೇಡಿ’! ಹೇಡಿಯೇ ನೀನು ಎಂದು ಹೆಣ್ಣುಮಗಳೊಬ್ಬಳು ಕೇಳಿದರೆ ಯಾವ ಗಂಡಸು ಹೌದೆಂದಾನು? “ಇಲ್ಲ, ಇಲ್ಲ” ಎಂದು ಎರಡು ಸಲ ಹೇಳಿದರಂತೆ, ಎದೆ ಡವಡವ ಹೊಡೆದುಕೊಳ್ಳುತ್ತಿದ್ದರೂ.

ವೈದ್ಯರು ಆ ಮಾತನ್ನು ನಂಬಿ ಎಂದಿನಂತೆ ಸೂಜಿಮದ್ದು ಕೊಟ್ಟರು. ಐದು ನಿಮಿಷದಲ್ಲಿ ಭಾವನವರ ಕೈ ನಡುಗಿತು, ಬೆವರು ಸುರಿಯಿತು, ಪ್ರಾಣವೇ ಹೋದೀತೆಂದು ತೋರಿತು. ಎದ್ದರು, ಕೊರಳಿಗೆ ಕಟ್ಟಿದ್ದ ಬಟ್ಟೆಯೊಡನೆಯೇ ಬೀದಿಗೆ ಬಂದರು. ಮರಳಿ ಹೋಗಲಿಲ್ಲ. ಹದಿನಾಲ್ಕು ತಿಂಗಳು ಲವಂಗದ ಎಣ್ಣೆ, ಉಪ್ಪುನೀರು, ನೋವಿನ ಗುಳಿಗೆ ಇವುಗಳಲ್ಲೇ ಕಾಲ ಕಳೆದರು. “ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸೋಣ” ಎಂಬುದು ಆಗಾಗಿನ ಮಾತು. (ಈ ಮಾತು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಮಲಬಾರ್ ಎಕ್ಸ್‌ಪ್ರೆಸ್ ಏರುವಾಗ ನೆನಪಿರುವ ಹಲ್ಲು ಊರಿನಲ್ಲಿ ಮದುವೆ ಉಪನಯನಗಳ ನಡುವೆ ಮರೆತುಹೋಗುತ್ತದೆ; ಹಿಂದಿರುಗುವ ರಾತ್ರಿ ಶೊರನೂರು ದಾಟುವಷ್ಟರಲ್ಲಿ ಮತ್ತೆ ಎಚ್ಚರಗೊಳ್ಳುತ್ತದೆ.) ಕಡೆಗೆ ಒಂದು ಬೆಳಗಿನ ಜಾವ ಅವರ ಗದ್ದದ ಕೆಳಗೆಲ್ಲ ಬಾತು ಗಟ್ಟಿಯಾಗಿತ್ತು. ಬಾಯಿ ಎರಡು ಬೆರಳಗಲ ತೆರೆಯದು, ಉಗುಳು ನುಂಗಲಾಗದು, ಮೈಯಲ್ಲಿ ಜ್ವರ. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಹಲ್ಲಿನ ಬೇರಿನ ಕೀವು ಕತ್ತಿನವರೆಗೆ ಇಳಿದಿತ್ತು. ಇನ್ನರ್ಧ ದಿನ ತಡಮಾಡಿದ್ದರೆ ಉಸಿರಿನ ದಾರಿಯೇ ಕಟ್ಟಿಹೋಗುತ್ತಿತ್ತೆಂದು ಅಲ್ಲಿಯ ವೈದ್ಯರು ಅಕ್ಕನಿಗೆ ಹೇಳಿದರು.

ಇಂಥ ಬಾವು, ನುಂಗಲು ಕಷ್ಟ, ಜ್ವರ ಇವು ಕೂಡಿ ಕಂಡರೆ ದಂತಾಲಯ ತೆರೆಯುವವರೆಗೂ ಕಾಯಕೂಡದು, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗತಕ್ಕದ್ದು. ಇದನ್ನು ಮಾತ್ರ ಯಾರೂ ಮರೆಯಬಾರದು.

ಅಂದು ಕುರ್ಚಿಯಲ್ಲಿ ಭಾವನವರಿಗೆ ಆದದ್ದೇನು? ನಮ್ಮ ದಂತವೈದ್ಯೆ ಕೇಳಿ ನಕ್ಕರು; ಆಮೇಲೆ ವಿವರಿಸಿದರು. ಹಲ್ಲಿಗೆ ಕೊಡುವ ಸೂಜಿಯಲ್ಲಿ ಸಾಮಾನ್ಯವಾಗಿ ಲಿಗ್ನೊಕೇನ್ ಎಂಬ ಮದ್ದಿರುತ್ತದೆ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞರು ತಯಾರಿಸಿದ್ದು ಅದು. ಮದ್ದು ಬೇಗ ಕರಗಿ ಹೋಗದಿರಲೆಂದು ಅದರೊಡನೆ ಕಿಂಚಿತ್ ಅಡ್ರಿನಲಿನ್ ಬೆರೆಸಿರುತ್ತಾರೆ. ಈ ಅಡ್ರಿನಲಿನ್ನೇ ಒಂದೆರಡು ನಿಮಿಷ ಎದೆಯನ್ನು ಜೋರಾಗಿ ಬಡಿಸುವುದುಂಟು. ಮೊದಲೇ ಹೆದರಿದವನಿಗೆ ತನ್ನ ಮೈಯೇ ಉತ್ಪತ್ತಿ ಮಾಡಿದ ಅಡ್ರಿನಲಿನ್ ಒಂದು ಪಾಲು, ಸೂಜಿಯದು ಇನ್ನೊಂದು ಪಾಲು. ಮುಂಚೆ ಒಂದು ಮಾತು ಹೇಳಿದ್ದರೆ ವೈದ್ಯರು ಅದಿಲ್ಲದ ಮದ್ದನ್ನು ಆರಿಸಬಹುದಿತ್ತು; ಅಥವಾ “ಎದೆ ಸ್ವಲ್ಪ ಬಡಿದೀತು, ಗಾಬರಿಯಾಗಬೇಡಿ” ಎಂದಾದರೂ ಹೇಳುತ್ತಿದ್ದರು. ಅಷ್ಟೇ ಅಲ್ಲ. ಕೀವುಗಟ್ಟಿ ಉರಿಯುತ್ತಿರುವ ಜಾಗದಲ್ಲಿ ಸೂಜಿಮದ್ದು ಚೆನ್ನಾಗಿ ನಾಟುವುದಿಲ್ಲವಂತೆ. ಹೆದರಿ ತಡಮಾಡಿದವನಿಗೆ ಹೆಚ್ಚು ನೋವಾಗುತ್ತದೆ. ಹೆಚ್ಚು ನೊಂದವನು ಮುಂದಿನ ಸಲ ಹೆಚ್ಚು ಹೆದರುತ್ತಾನೆ. ಗಾಣದೆತ್ತಿನಂತೆ ಅಲ್ಲಲ್ಲೇ ಸುತ್ತು.

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ನೋವು ಬೇರೆ, ಅಂಜಿಕೆ ಬೇರೆ. ಸೂಜಿಮದ್ದು ನೋವಿಗೆ, ಅದು ಆ ಜಾಗವನ್ನು ಮರಗಟ್ಟಿಸುತ್ತದೆ. ಮಂಪರಿನ ಮದ್ದು ಅಂಜಿಕೆಗೆ. ಅದು ಮನಸ್ಸನ್ನು ಸಡಿಲಿಸುತ್ತದೆ. ಇಲ್ಲಿಯವರ ಮಾತಿನಲ್ಲೂ ಇವೆರಡಕ್ಕೆ ಎರಡು ಪದಗಳಿವೆ: ನಮ್ಮ ಮರಗಟ್ಟುವುದಕ್ಕೆ ಹತ್ತಿರವಾಗಿಯೇ ಕೇಳಿಸುವ ‘ಮರವಿಪ್ಪಿಕ್ಕುಕ’ ಒಂದು, ‘ಮಯಕ್ಕುಕ’ ಇನ್ನೊಂದು. ದಂತಾಲಯದಲ್ಲಿ ಯಾವ ಪದ ಕಿವಿಗೆ ಬಿತ್ತೆಂದು ಗಮನಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಮಂಪರು ಬರಿಸಿದ ಮೇಲೂ ಸಾಮಾನ್ಯವಾಗಿ ಸೂಜಿಮದ್ದು ಬೇಕೇ ಬೇಕು. ಆದರೆ ಆಗ ಸೂಜಿಯ ಮೇಲೆ ನಮಗೆ ಅಷ್ಟು ಸಿಟ್ಟಿರುವುದಿಲ್ಲ.

ಮದ್ದಿಗೆ ಹೋಗುವ ಮುನ್ನ ಮದ್ದಿಲ್ಲದ ದಾರಿ. ಬೇರೆ ಕಷ್ಟಗಳಲ್ಲಿ ಹಲ್ಲು ಕಚ್ಚಿ ಸಹಿಸಿಕೋ ಎನ್ನುತ್ತೇವೆ. ಈ ಒಂದು ಕಷ್ಟದಲ್ಲಿ ಬಾಯಿ ತೆರೆದೇ ಇರಬೇಕಾದ್ದರಿಂದ ಆ ಉಪಾಯವೂ ನಡೆಯದು! ಮಾತನಾಡಲಾಗದೆ ಮಲಗಿರುವುದೇ ಅನೇಕರಿಗೆ ನೋವಿಗಿಂತ ದೊಡ್ಡ ಹಿಂಸೆ. ಅದಕ್ಕಾಗಿ ಕೈ ಸಂಜ್ಞೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಎಡಗೈ ಎತ್ತಿದರೆ ವೈದ್ಯರು ನಿಲ್ಲಿಸಬೇಕು. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆಯೆಂದು ತಿಳಿದವರು ಆ ಕೈಯನ್ನು ಎತ್ತುವುದೇ ಅಪರೂಪವೆಂದು ನಮ್ಮ ವೈದ್ಯೆಯ ಅನುಭವ. ದಿನದ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ. ಸಂಜೆಯವರೆಗೆ ಕಾಯುತ್ತ ಒಳಗಿನಿಂದ ಬರುವ ಯಂತ್ರದ ಕಿರ್ರೆಂಬ ಸದ್ದನ್ನು ಕೇಳುತ್ತ ಕೂತರೆ ಭೀಮನಿಗೂ ಕಾಲು ನಡುಗೀತು. ಸೂಜಿ ಚುಚ್ಚುವ ಮೊದಲು ವಸಡಿಗೆ ಹಚ್ಚುವ ಲೇಪವುಂಟು, ಅದನ್ನು ಕೇಳಲು ಸಂಕೋಚ ಬೇಡ. ಅರ್ಧಕ್ಕಿಂತ ಹೆಚ್ಚು ಜನರಿಗೆ ಇಷ್ಟೇ ಸಾಕಾಗುತ್ತದೆಂದು ಆಕೆ ಹೇಳಿದರು. ಅವರ ಕುರ್ಚಿಯ ಲೆಕ್ಕ ಅದು, ಪುಸ್ತಕದ್ದಲ್ಲ.

ಸಾಲದವರಿಗೆ ಮುಂದಿನ ಮೆಟ್ಟಿಲು ನಗೆಯ ಅನಿಲ, ಎಂದರೆ ನೈಟ್ರಸ್ ಆಕ್ಸೈಡ್. ಇದರ ಕಥೆ ದಂತವೈದ್ಯರದೇ ಕಥೆ. 1844ನೆಯ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಕೋಲ್ಟನ್ ಎಂಬಾತ ಟಿಕೀಟು ಇಟ್ಟು ಈ ಅನಿಲವನ್ನು ಜನರಿಗೆ ಮೂಸಿಸಿ ಕುಣಿಸುವ ಆಟ ನಡೆಸಿದ. ಕೂಪರ್ ಅಲ್ಲ, ಕೂಲಿ ಎಂಬ ಅಂಗಡಿಯ ಆಳೊಬ್ಬ ಕುಣಿಯುತ್ತ ಕಾಲಿಗೆ ಬಲವಾದ ಪೆಟ್ಟು ಮಾಡಿಕೊಂಡ. ರಕ್ತ ಸುರಿದರೂ ಅವನಿಗೆ ಅರಿವಾಗಲಿಲ್ಲ. ಎಲ್ಲರೂ ನಗುತ್ತಿದ್ದಾಗ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ಮಾತ್ರ ಆ ಕಾಲನ್ನು ನೋಡಿದ. ಮರುದಿನವೇ ತಾನು ಅನಿಲವನ್ನು ಸೇವಿಸಿ ಜೊತೆಯ ವೈದ್ಯನಿಂದ ತನ್ನ ಹಲ್ಲನ್ನೇ ಕೀಳಿಸಿಕೊಂಡ. ಬೇರೆಯವರ ಬಾಯಿಗಿಂತ ಮೊದಲು ತನ್ನ ಬಾಯನ್ನು ಒಡ್ಡಿದ ಆ ಪುಣ್ಯಾತ್ಮನ ಮೇಲೆ ನಮಗೆ ಬಲು ಗೌರವ. ಆದರೆ 1845ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ವಿದ್ಯಾರ್ಥಿಗಳ ಮುಂದೆ ತೋರಿಸಲು ಹೋದಾಗ ಅನಿಲ ಸಾಕಷ್ಟು ಹೋಗಿರಲಿಲ್ಲವಾಗಿ ರೋಗಿ ಕೂಗಿಕೊಂಡ; ಸಭೆ ವೆಲ್ಸನನ್ನು ಮೋಸಗಾರನೆಂದು ಹೀಯಾಳಿಸಿತು. ಮರುವರ್ಷ, 1846ರ ಅಕ್ಟೋಬರ್ 16ರಂದು, ಅದೇ ಬಾಸ್ಟನ್ನಿನಲ್ಲಿ ಅವನ ಹಳೆಯ ಜೊತೆಗಾರ ಮಾರ್ಟನ್ ಈಥರಿನಿಂದ ಗೆದ್ದು ಜಗತ್ಪ್ರಸಿದ್ಧನಾದ. ವೆಲ್ಸ್ 1848ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಸೆರೆಮನೆಯೊಂದರಲ್ಲಿ ದಾರುಣವಾಗಿ ತೀರಿಕೊಂಡ. ಅಮೆರಿಕದ ದಂತವೈದ್ಯರ ಸಂಘ ಅವನ ಹಿರಿಮೆಯನ್ನು ಒಪ್ಪಿಕೊಂಡದ್ದು 1864ರಲ್ಲಿ.

ಈಗ ಅನಿಲವನ್ನು ಹಾಗೆ ಬರಿದಾಗಿ ಕೊಡುವುದಿಲ್ಲ. ಮೂಗಿನ ಮೇಲೊಂದು ಮೃದುವಾದ ಮುಚ್ಚಳವಿಟ್ಟು ಆಮ್ಲಜನಕದೊಡನೆ ಬೆರೆಸಿ ಸ್ವಲ್ಪಸ್ವಲ್ಪವಾಗಿ ಏರಿಸುವರು. ಆಮ್ಲಜನಕ ನೂರಕ್ಕೆ 30 ಪಾಲಿಗಿಂತ ಇಳಿಯದಂತೆ ಯಂತ್ರದಲ್ಲೇ ತಡೆಯಿರುತ್ತದೆ. ಎರಡು ಮೂರು ನಿಮಿಷದಲ್ಲಿ ಕೈಕಾಲು ಹಗುರ, ಬೆರಳ ತುದಿ ಜುಮ್ಮೆನ್ನುತ್ತದೆ, ಸದ್ದು ದೂರವಾಗುತ್ತದೆ. ಎಚ್ಚರ ತಪ್ಪುವುದಿಲ್ಲ, ಕೇಳಿದ್ದಕ್ಕೆ ತಲೆಯಾಡಿಸಬಹುದು. ಕೆಲಸ ಮುಗಿದ ಮೇಲೆ ಐದು ನಿಮಿಷ ಬರಿಯ ಆಮ್ಲಜನಕ ಕೊಟ್ಟರೆ ಉಸಿರಿನೊಡನೆಯೇ ಹೊರಟುಹೋಗುತ್ತದೆ. ಇದರ ದೊಡ್ಡ ಗುಣವೇ ಅದು: ಬೇಗ ಬರುತ್ತದೆ, ಬೇಗ ಬಿಡುತ್ತದೆ.

ಆದರೆ ಮೂಗಿನಿಂದಲೇ ಎಳೆದುಕೊಳ್ಳಬೇಕಾದ್ದರಿಂದ ನೆಗಡಿ ಕಟ್ಟಿದಾಗ ಫಲವಿಲ್ಲ. ನಮ್ಮ ಆಟಿಯ, ಇಲ್ಲಿಯವರ ಕರ್ಕಟಕದ ಮಳೆಯಲ್ಲಿ ಇದನ್ನು ನೆನಪಿಡಬೇಕು. ಬಸುರಿನ ಮೊದಲ ಮೂರು ತಿಂಗಳಲ್ಲಿ ಕೂಡದು. ಶ್ವಾಸಕೋಶದ ಹಳೆಯ ಕಾಯಿಲೆಯುಳ್ಳವರು, ಇತ್ತೀಚೆಗೆ ಕಣ್ಣಿನೊಳಗೆ ಅನಿಲ ತುಂಬಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೊದಲೇ ಹೇಳಬೇಕು. ಇನ್ನೊಂದು ಮಾತು ನಮ್ಮ ಮನೆಗಳಿಗೆ ವಿಶೇಷವಾಗಿ ತಟ್ಟತಕ್ಕದ್ದು. ಈ ಅನಿಲ ಮೈಯಲ್ಲಿರುವ ಬಿ-12 ಜೀವಸತ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಒಂದು ಸಲದ ಅರ್ಧ ಗಂಟೆಯಿಂದ ಆರೋಗ್ಯವಂತರಿಗೆ ಏನೂ ಆಗದು. ಆದರೆ ಶುದ್ಧ ಸಸ್ಯಾಹಾರಿಗಳಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಆ ಜೀವಸತ್ವ ಮೊದಲೇ ಕಡಿಮೆಯಿರುವುದುಂಟು. ಕಾಲು ಜುಮ್ಮುಗಟ್ಟುವ ತೊಂದರೆಯುಳ್ಳವರು ಅದನ್ನು ವೈದ್ಯರ ಕಿವಿಗೆ ಹಾಕಿಯೇ ಮುಂದುವರಿಯಬೇಕು. ಕೊಚ್ಚಿ, ತಿರುವನಂತಪುರಗಳಲ್ಲೂ ಈ ಯಂತ್ರ ಎಲ್ಲ ದಂತಾಲಯಗಳಲ್ಲಿಲ್ಲ; ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡುವುದು ಲೇಸು.

ಗುಳಿಗೆಯ ವಿಷಯಕ್ಕೆ ಬಂದರೆ ನಮಗೆ ಸ್ವಲ್ಪ ಕೋಪವೇ ಬರುತ್ತದೆ. ಡಯಜೆಪಾಮ್ ಎಂಬ ಗುಳಿಗೆ 1963ರಿಂದ ಪ್ರಚಾರದಲ್ಲಿದೆ. ವೈದ್ಯರು ಅಳೆದು ಹಿಂದಿನ ರಾತ್ರಿ ಒಂದು, ಬರುವ ಮೊದಲು ಒಂದು ಎಂದು ಕೊಟ್ಟರೆ ಒಳ್ಳೆಯ ಮದ್ದೇ. ಆದರೆ ಅತ್ತೆಯವರ ನಿದ್ದೆಗುಳಿಗೆಯ ಡಬ್ಬಿಯಿಂದ ಎರಡನ್ನು ಎತ್ತಿಕೊಂಡು, ಯಾರಿಗೂ ಹೇಳದೆ ನುಂಗಿ, ಸ್ಕೂಟರ್ ಏರಿ ದಂತಾಲಯಕ್ಕೆ ಹೋದ ಮಹಾನುಭಾವರನ್ನು ನಾವು ಬಲ್ಲೆವು. ‘ಧೈರ್ಯಕ್ಕೆ’ ಒಂದು ಲೋಟ ಹಾಕಿಕೊಂಡು ಹೋದವರೂ ಉಂಟು. ಹೊಟ್ಟೆಯಲ್ಲಿ ಅದಿರುವುದು ತಿಳಿಯದೆ ವೈದ್ಯರು ಇನ್ನೊಂದು ಮದ್ದು ಕೊಟ್ಟರೆ ಎರಡೂ ಸೇರಿ ಉಸಿರನ್ನೇ ತಗ್ಗಿಸಬಹುದು. ಹೊಟ್ಟೆಗೆ ಹೋದ ಗುಳಿಗೆ ಯಾರಿಗೆ ಎಷ್ಟು ಹೊತ್ತಿಗೆ ಎಷ್ಟು ಹತ್ತೀತೆಂದು ಹೇಳುವುದು ಕಷ್ಟ. ಅನಿಲದಂತೆ ಕೀಲಿ ತಿರುಗಿಸಿ ಇಳಿಸಲಾಗದು. ಗುಳಿಗೆ ತೆಗೆದುಕೊಂಡವರ ಜೊತೆಗೆ ದೊಡ್ಡವರೊಬ್ಬರು ಹೋಗಲೇಬೇಕು. ಆ ದಿನವೆಲ್ಲ, ಮರುದಿನದ ಅದೇ ಹೊತ್ತಿನವರೆಗೆ, ಗಾಡಿ ಓಡಿಸಕೂಡದು, ಒಲೆಯ ಮುಂದೆ ಒಂಟಿಯಾಗಿ ನಿಲ್ಲಕೂಡದು, ಆಸ್ತಿಯ ಕಾಗದಕ್ಕೆ ರುಜು ಹಾಕಕೂಡದು. ಬೋಟಿನಲ್ಲಿ ಬರುವವರೂ ಹತ್ತುವಾಗ ಇಳಿಯುವಾಗ ಜೊತೆಯವರ ತೋಳು ಹಿಡಿಯಲಿ.

ರಕ್ತನಾಳಕ್ಕೆ ಮದ್ದು ಕೊಟ್ಟು ಮಂಪರು ಬರಿಸುವುದು ಇನ್ನೂ ಒಂದು ಮೆಟ್ಟಿಲು ಮೇಲೆ. ಸಾಮಾನ್ಯವಾಗಿ ಕೊಡುವುದು ಮಿಡಜೋಲಾಮ್. ಕರೆದರೆ ಓಗೊಡುತ್ತಾರೆ, ಹೇಳಿದಂತೆ ಬಾಯಿ ತೆರೆಯುತ್ತಾರೆ, ಆದರೆ ಮನೆಗೆ ಬಂದ ಮೇಲೆ ಏನೂ ನೆನಪಿರುವುದಿಲ್ಲ. ಹಳೆಯ ಕಹಿ ಅನುಭವವಿದ್ದವರಿಗೆ ಈ ಮರೆವೇ ದೊಡ್ಡ ವರ. ಅಳತೆ ಮೀರಿದರೆ ಇಳಿಸಲು ಫ್ಲೂಮಜೆನಿಲ್ ಎಂಬ ಪ್ರತಿಮದ್ದೂ ಇದೆ. ಇಲ್ಲಿ ವಾಚಕರು ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದು: “ನಿಮ್ಮ ಕಣ್ಣು ನನ್ನ ಬಾಯಿಯ ಮೇಲಿರುವಾಗ ನನ್ನ ಉಸಿರಿನ ಮೇಲೆ ಕಣ್ಣಿಡುವವರು ಯಾರು?” ಅದಕ್ಕೆಂದೇ ತರಬೇತಾದ ಇನ್ನೊಬ್ಬರು ಇರಬೇಕು, 2020-21ರ ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಹಲವರ ಮನೆಗೂ ಬಂದಿದ್ದ, ಬೆರಳಿಗೆ ಸಿಕ್ಕಿಸುವ ಆ ಪಲ್ಸ್ ಆಕ್ಸಿಮೀಟರ್ ಉದ್ದಕ್ಕೂ ಬೆರಳಿನಲ್ಲಿರಬೇಕು, ಆಮ್ಲಜನಕ ಕೈಗೆಟುಕುವಲ್ಲಿರಬೇಕು. ಉತ್ತರ ತಡವರಿಸಿ ಬಂದರೆ ಎದ್ದು ಬರುವುದು ಹೇಡಿತನವಲ್ಲ. ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಅದನ್ನು ಮರೆಮಾಡಬಾರದು. ಮನೆಯಾಕೆಯನ್ನು ಕೇಳಿದರೆ ವೈದ್ಯರಿಗೆ ನಿಜ ತಿಳಿದೀತು.

ಪೂರ್ಣ ಜ್ಞಾನ ತಪ್ಪಿಸಿ ಮಾಡುವ ಚಿಕಿತ್ಸೆ ಕಡೆಯದು. ಅದು ಅರಿವಳಿಕೆಯ ತಜ್ಞರಿರುವ ಆಸ್ಪತ್ರೆಯಲ್ಲಿ ಮಾತ್ರ. ಬುದ್ಧಿಯ ಬೆಳವಣಿಗೆ ಕಡಿಮೆಯಿರುವ ಮಕ್ಕಳಿಗೆ, ಒಮ್ಮೆಗೇ ಹತ್ತು ಹಲ್ಲುಗಳ ಕೆಲಸವಿರುವ ಎಳೆಯರಿಗೆ ಅದೇ ದಯೆಯ ದಾರಿಯಾಗುವುದುಂಟು.

ಎರ್ನಾಕುಳದ ಸೋದರಿಗೆ ನಮ್ಮ ಉತ್ತರ: ಮಂಪರಿನ ಮಾತು ಕೇಳಿದೊಡನೆ ಬೇಡವೆನ್ನಬೇಡಿ, ಒಪ್ಪಿಗೆಯನ್ನೂ ಕೊಡಬೇಡಿ. ಮಕ್ಕಳ ದಂತವೈದ್ಯರೆಂದೇ ಬೇರೆ ಓದಿದವರಿದ್ದಾರೆ, ಒಮ್ಮೆ ಅವರಿಗೆ ತೋರಿಸಿ. ಹುಳುಕು ಆಳಕ್ಕಿಳಿದಿರದಿದ್ದರೆ ಬೆಳ್ಳಿಯ ಅಂಶವುಳ್ಳ ದ್ರವವೊಂದನ್ನು ಹಚ್ಚಿ ಅದನ್ನು ಅಲ್ಲಿಗೇ ತಡೆಯುವುದುಂಟು. ಹಲ್ಲು ಕಪ್ಪಾಗುತ್ತದೆ, ಆದರೆ ಯಂತ್ರವೂ ಬೇಡ ಸೂಜಿಯೂ ಬೇಡ. ಮಂಪರೇ ಬೇಕಾದರೆ ಯಾವ ಮದ್ದು, ಎಷ್ಟು, ಮಗುವಿನ ತೂಕಕ್ಕೆ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಮಕ್ಕಳ ಉಸಿರಿನ ದಾರಿ ಕಿರಿದು; ಒಂದು ಮದ್ದಿನ ಮೇಲೆ ಇನ್ನೊಂದನ್ನು ಕೊಡುವುದಾದರೆ ಆಸ್ಪತ್ರೆಯೇ ತಕ್ಕ ಸ್ಥಳ. ಹೊಟ್ಟೆ ಖಾಲಿಯಿರಬೇಕೆಂದು ಹೇಳಿದ್ದರೆ ಅಜ್ಜಿಯ ಕರುಣೆಗೆ ಆಸ್ಪದ ಕೊಡಬೇಡಿ. ಕದ್ದು ಕೊಟ್ಟ ಒಂದು ಬಿಸ್ಕತ್ತು ವಾಂತಿಯಾಗಿ ಶ್ವಾಸಕೋಶ ಸೇರೀತು. ಇನ್ನೊಂದು ವಿಜ್ಞಾಪನೆ. ಮಗು ಊಟಕ್ಕೆ ಹಟಮಾಡಿದಾಗ “ಡಾಕ್ಟರ ಹತ್ತಿರ ಸೂಜಿ ಚುಚ್ಚಿಸ್ತೇನೆ ನೋಡು” ಎಂದು ನಾವೇ ವರ್ಷಗಟ್ಟಲೆ ಹೆದರಿಸಿ, ಆಮೇಲೆ ಒಂದು ಬೆಳಿಗ್ಗೆ “ಡಾಕ್ಟರ್ ಮಾಮ ಒಳ್ಳೆಯವರು” ಎಂದರೆ ಆರು ವರ್ಷದವನು ನಂಬುವಷ್ಟು ದಡ್ಡನಲ್ಲ.

ತಿರುವನಂತಪುರದ ಹಿರಿಯರಿಗೆ ದೂರ ಹೋಗುವ ಕಾರಣವಿಲ್ಲ. ಅಲ್ಲಿಯ ಸರ್ಕಾರಿ ದಂತವೈದ್ಯ ಕಾಲೇಜು 1959ರಲ್ಲಿ ಆರಂಭವಾದದ್ದು. ನಮ್ಮ ಬೆಂಗಳೂರಿನದಕ್ಕಿಂತ ಒಂದೇ ವರ್ಷ ಕಿರಿದು. ನುಂಗುತ್ತಿರುವ ರಕ್ತದೊತ್ತಡದ ಗುಳಿಗೆ, ಅರಿಷ್ಟ, ಕಷಾಯ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಲಿ. ಅದೇ ಕಾಗದದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ನನಗೆ ಬಹಳ ಹೆದರಿಕೆ’ ಎಂದು ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಬರೆಸಿಕೊಂಡರೆ ಬಾಯಿಂದ ಹೇಳುವ ಕಷ್ಟವೂ ತಪ್ಪುತ್ತದೆ. ಮಂಪರಿನ ಏರ್ಪಾಡನ್ನು ಮೊದಲೇ ಮಾಡಬೇಕು. ಕುರ್ಚಿಯಲ್ಲಿ ಕೂತು ಬೆವರಿದ ಮೇಲೆ ಮಾಡಲಾಗದು.

ಭಾವನವರ ಕಥೆಯನ್ನು ನಡುವೆ ಬಿಟ್ಟಿದ್ದೆವು. ಆಸ್ಪತ್ರೆಯಿಂದ ಬಂದ ಮೇಲೂ ಅವರ ಬಾಯಿಯಲ್ಲಿ ಎರಡು ಹಲ್ಲುಗಳ ಕೆಲಸ ಬಾಕಿಯಿತ್ತು. ಅಕ್ಕ ಅವರನ್ನು ಈ ಕಾಸರಗೋಡಿನ ವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು. ಆಕೆ ಸಲಕರಣೆಗಳನ್ನು ಮುಟ್ಟುವ ಮೊದಲು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು “ಹೆದರಿಕೆ ಉಂಟಾ?” ಎಂದು ಕೇಳಿದರು. ಭಾವನವರು ಒಂದು ಕ್ಷಣ ಅಕ್ಕನ ಮುಖ ನೋಡಿ, “ಉಂಟು ಡಾಕ್ಟ್ರೇ, ತುಂಬಾ ಉಂಟು” ಎಂದರು. ಅನಿಲ ಕೊಟ್ಟು ಎರಡು ಸಲಕ್ಕೆ ಕೆಲಸ ಮುಗಿಯಿತು. ಹೇಗಿತ್ತೆಂದು ನಾವು ಕೇಳಿದಾಗ, ಮಳೆಗಾಲದ ಮಧ್ಯಾಹ್ನ ಕಂಬಳಿ ಹೊದ್ದು ಮಲಗಿರುವಾಗ ಹಿತ್ತಿಲಲ್ಲಿ ಯಾರೋ ತೆಂಗಿನಕಾಯಿ ಸುಲಿಯುತ್ತಿರುವ ಸದ್ದು ಕೇಳಿದ ಹಾಗಿತ್ತು ಎಂದರು.

ಇದನ್ನು ಅಚ್ಚಿಗೆ ಕಳಿಸುವ ಹೊತ್ತಿಗೆ ತಿರುವನಂತಪುರದಿಂದ ಇನ್ನೊಂದು ಕಾಗದ ಬಂದಿದೆ. ಹಿರಿಯರು ಮಗಳಿಗೆ ಹೇಳಿದ್ದಾರೆ. ಬರುವ ಸೋಮವಾರ ಮೊದಲ ಸರದಿ. ಜೊತೆಗೆ ಅಳಿಯ ಹೋಗುತ್ತಾನೆ, ಸ್ಕೂಟರ್ ಮನೆಯಲ್ಲೇ.